ಕೆಂಪಂಚಿನ ಕುಲಾವಿ

ಕುಲಾವಿಯ ಹಿಂಬದಿಯ ಹೊಲಿಗೆ ಬಿಚ್ಚಿ ಮಲ್ಲಕ್ಕ ಮತ್ತೊಂದು ಪಟ್ಟಿ ಕೂಡಿಸುತ್ತಿದ್ದಳು. ಹಳೆಯ ಸೀರೆಯ ಸೆರಗಿನಿಂದ ಹರಿದುಕೊಂಡ ಪಟ್ಟಿ. ಮುಂದಿನ ಕೆಂಪಂಚು ಇದ್ದ ಹಾಗೇ ಇರಬೇಕು, ಹಣೆಯ ಮೇಲೆ ಕೂರುವ ಕರಿಮಣಿಯೂ ಇದ್ದಲ್ಲೇ ಇರಬೇಕು. ಜನಕ್ಕೆ ಕಾಣುವುದು ಅಷ್ಟೇ. ಹುಟ್ಟಿದಾಗ ತವರಿನಿಂದ ಬಂದ ಕುಲಾವಿಯನ್ನು ಮಗು ಈಗಲೂ ಹಾಕಿಕೊಂಡಿದೆ ಎಂದರೆ ತಲೆಗೆ ಏನೂ ಆಗಿಲ್ಲ ಎಂದೇ ಲೆಕ್ಕ.

ಹಾಗೆಂದು ಹಟ್ಟಿಯ ಬಾಯಿ ಮುಚ್ಚುತ್ತದೆಯೇ? ಪಕ್ಕದ ಮನೆಯ ಚಂದ್ರಕ್ಕ ನೀರಿಗೆ ಹೋಗುವಾಗಲೆಲ್ಲ ಒಂದು ಮಾತು ಎಸೆದೇ ಹೋಗುವಳು.

“ಏನೇ ಮಲ್ಲಕ್ಕ, ನಿನ್ ಮಗ ಕುಲಾವಿ ಹಾಕ್ಕಂಡೇ ಹುಟ್ಟಿದ್ನಾ? ಈ ಬಿಸ್ಲಿಗೆ ಕುರಿನೇ ನಾಲ್ಗೆ ಚಾಚ್ತಾವೆ, ಅವನ ತಲೆ ಬೇಯಲ್ವೇನೆ?”

“ನೆಗಡಿ ಕಣಕ್ಕ.”

“ಹುಟ್ಟಿದಾಗಿಂದ್ಲೂ ನೆಗಡಿನಾ? ಹಂಗಾದ್ರೆ ಮಗಿಗ್ಯಾಕೆ, ನೆಗಡಿಗೇ ಹೆಸ್ರಿಡ್ರೇ!”

ಮಲ್ಲಕ್ಕ ನಕ್ಕಂತೆ ಮಾಡಿ ಒಳಗೆ ಹೋಗುತ್ತಿದ್ದಳು. ಆ ಕುಲಾವಿಯ ಕೆಳಗಿದ್ದುದನ್ನು ನೋಡಿದವರು ಇಬ್ಬರೇ, ಅವಳು ಮತ್ತು ಅವಳ ಅತ್ತೆ ಉಚ್ಚಂಗಮ್ಮ. ನೆತ್ತಿಯ ಮೆತ್ತನೆಯ ಜಾಗ ದಿನ ಕಳೆದಂತೆ ಮುಚ್ಚಿಕೊಳ್ಳುವ ಬದಲು ಅಗಲವಾಗಿ ಉಬ್ಬಿತ್ತು. ಚರ್ಮ ಬಿಗಿದು ಹೊಳೆಯುತ್ತಿತ್ತು. ನೀಲಿ ನರಗಳು ಹಣೆಯವರೆಗೆ ಇಳಿದಿದ್ದವು. ಕಣ್ಣುಗುಡ್ಡೆಗಳು ಕೆಳಕ್ಕೆ ಜಾರಿ, ಮೇಲೆ ಬಿಳುಪಷ್ಟೇ ಕಾಣುತ್ತಿತ್ತು. ಕುಡಿದ ಹಾಲು ಚಿಮ್ಮಿಕೊಂಡು ಬರುತ್ತಿತ್ತು. ಚಿತ್ರಲಿಂಗ ಎಂದು ದೇವರ ಹೆಸರಿಟ್ಟ ಆ ಎಂಟು ತಿಂಗಳ ಕೂಸಿಗೆ ಕುತ್ತಿಗೆ ಇನ್ನೂ ನಿಂತಿರಲಿಲ್ಲ. ಆ ತಲೆ ಹೊರುವ ಕುತ್ತಿಗೆ ಯಾವ ಕೂಸಿಗಾದರೂ ಎಲ್ಲಿಂದ ಬರಬೇಕು?

ತೋರಿಸಬಹುದಿತ್ತು. ಶ್ರೀರಾಂಪುರಕ್ಕೆ ನಡೆದು ಹೋಗುವಷ್ಟು ದೂರ, ಅಲ್ಲಿಂದ ಹೊಸದುರ್ಗಕ್ಕೆ ಬಸ್ಸು. ತೋರಿಸಲಿಲ್ಲ. ಏಕೆಂದರೆ ತಲೆ ಹೊರಗೆ ಬಿದ್ದರೆ ಅದರ ಹಿಂದೆಯೇ ಇನ್ನೊಂದು ಸಂಗತಿಯೂ ಹೊರಗೆ ಬೀಳುತ್ತಿತ್ತು.

ಆ ಹಟ್ಟಿಯಲ್ಲಿ ಹೆತ್ತವಳು ಮೈಲಿಗೆ, ಹುಟ್ಟಿದ್ದೂ ಮೈಲಿಗೆ. ಕುರಿ ಈದರೆ ಒದ್ದೆ ಮರಿಯನ್ನು ಎದೆಗವಚಿಕೊಂಡು ಒಳಗೆ ತಂದು ಬೆಂಕಿ ಕಾಯಿಸುವ ಜನ, ಹೆಂಗಸು ಹೆತ್ತರೆ ಮುಳ್ಳುಬೇಲಿಯ ಆಚೆಗೆ ಸೋಗೆಯ ಗುಡ್ಲಿಗೆ ಕಳಿಸುತ್ತಿದ್ದರು. ತಿಂಗಳು ತುಂಬಿ, ತಲೆ ಮೇಲೆ ನೀರು ಬಿದ್ದು, ಹಟ್ಟಿಯ ಯಜಮಾನ ಗುಡ್ಡಪ್ಪ ಹೂಂ ಅಂದ ಮೇಲೆ ಒಳಗೆ. ಮಲ್ಲಕ್ಕನೂ ಹೋಗಿ ಕುಳಿತಿದ್ದಳು. ವಾರವೂ ಆಗಿರಲಿಲ್ಲ, ಒಂದು ಮುಸ್ಸಂಜೆ ಗಾಳಿಮಳೆ ಬಂದು ಸೋಗೆಯನ್ನೆಲ್ಲ ಕಿತ್ತುಕೊಂಡು ಹೋಯಿತು. ಬರಿಯ ಬಿದಿರಿನ ಗಳುಗಳ ಕೆಳಗೆ ಅವಳು ಕೂಸಿನ ಮೇಲೆ ಬಗ್ಗಿ ಬೆನ್ನನ್ನೇ ಸೂರು ಮಾಡಿ ಕುಳಿತಿದ್ದಾಗ, ಬೇಲಿಯ ಹಿಂಬದಿಯ ಕಂಡಿಯಿಂದ ಉಚ್ಚಂಗಮ್ಮ ಕಂಬಳಿ ಹೊದ್ದು ಬಂದಳು. ಕೂಸನ್ನು ಕಂಬಳಿಯೊಳಗೆ ಸೇರಿಸಿಕೊಂಡು ಸೊಸೆಯ ಕೈ ಹಿಡಿದು ಅದೇ ಕಂಡಿಯಿಂದ ಒಳಗೆ ಎಳೆದುಕೊಂಡಳು. ಕುರಿಮರಿಗಳ ನಡುವೆ, ಬೆಚ್ಚಗಿನ ರೊಪ್ಪದಲ್ಲಿ ಮೂವರೂ ಮಳೆ ಕಳೆದರು. ಬೆಳಕು ಹರಿಯುವ ಮೊದಲೇ ಮಲ್ಲಕ್ಕನನ್ನು ಮತ್ತೆ ಹೊರಗೆ ಕೂರಿಸಿ, ಉಚ್ಚಂಗಮ್ಮ ಕಂಡಿಗೆ ಮುಳ್ಳು ಎಳೆದಳು.

ಆ ಮುದುಕಿ ತನ್ನ ಬಾಳಿನಲ್ಲಿ ಯಾರನ್ನೂ ಕೇಳದೆ ಮಾಡಿದ ಕೆಲಸ ಅದೊಂದೇ. ಕೂಸಿನ ತಲೆ ಬೆಳೆಯತೊಡಗಿದಾಗ ಅವಳಿಗೆ ಅದೇ ಪಾಪವಾಗಿ ಕಂಡಿತು.

“ದೇವ್ರು ನನ್ ಕೈ ನೋಡೈತೆ ಕಣೆ,” ಎಂದು ಅವಳು ರೊಪ್ಪದ ಮೂಲೆಯಲ್ಲಿ ಪಿಸುಗುಟ್ಟುವಳು. “ಮೈಲಿಗೆನ ಒಳಗೆ ತಂದೆ. ನಂಗೆ ಕೊಡೋದು ಬಿಟ್ಟು ಮಗಿಗೆ ಕೊಡ್ತು.”

ಮಲ್ಲಕ್ಕ ಅದನ್ನು ನಂಬಿದಳೋ ಇಲ್ಲವೋ, ಸೂಜಿಯನ್ನಂತೂ ಕೈಗೆತ್ತಿಕೊಂಡಳು.

ಅದು ಎಪ್ಪತ್ತಾರನೆಯ ಇಸವಿ. ಮಕ್ಕಳಾಗದಂತೆ ಮಾಡುವ ಆಪರೇಷನ್ನಿನ ಜೀಪು ಬಂತೆಂದರೆ ಗಂಡಸರು ಜಾಲಿಯ ಮರೆಗೆ ಓಡುತ್ತಿದ್ದ ವರ್ಷ. ಒಮ್ಮೆ ಕೂಸುಗಳನ್ನು ನೋಡಲೆಂದೇ ನರ್ಸಮ್ಮ ಒಬ್ಬಳು ಬಂದು ಹಟ್ಟಿಯ ಮುಂದಿನ ಹುಣಸೆಮರದಡಿ ಕುಳಿತಿದ್ದಳು. ಉಳಿದವರು ತಾವು ತಪ್ಪಿಸಿಕೊಂಡರೆ, ಉಚ್ಚಂಗಮ್ಮ ಸೊಸೆಯನ್ನೂ ಮೊಮ್ಮಗನನ್ನೂ ಉಣ್ಣೆಯ ಮೂಟೆಗಳ ಹಿಂದೆ ಕೂರಿಸಿ ಮೇಲೆ ಕಂಬಳಿ ಎಳೆದಿದ್ದಳು. ನರ್ಸಮ್ಮ ಕಾದು ಕಾದು ಎದ್ದು ಹೋದಳು.

ಮಲ್ಲಕ್ಕನ ಗಂಡ ಪಾಪಣ್ಣ ಭದ್ರಾ ನಾಲೆಯ ಗದ್ದೆಗಳ ಕಡೆ ಮಂದೆ ಹೊಡೆದುಕೊಂಡು ಹೋಗಿದ್ದವನು ಬೇಸಿಗೆಯ ತುದಿಗೆ ಹಟ್ಟಿಗೆ ಬಂದ. ಅವನ ಮಂದೆಯಲ್ಲಿ ಒಂದು ಕುರಿ ಇದ್ದಲ್ಲೇ ಗಿರಗಿರ ಸುತ್ತುತ್ತಿತ್ತು. ಮೇವು ತಿನ್ನದು, ಗೋಡೆಗೆ ಹಣೆ ಒತ್ತಿ ನಿಲ್ಲುವುದು. ಪಾಪಣ್ಣ ಹಟ್ಟಿಯನ್ನೆಲ್ಲ ಕೂಗಿ ಕರೆದ. ಗುಡ್ಡಪ್ಪ ಕುರಿಯನ್ನು ತೊಡೆಯ ನಡುವೆ ಸಿಗಿಸಿಕೊಂಡು ತಲೆಬುರುಡೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ.

“ಇಲ್ಲಿ ಮೆತ್ತಗೈತೆ ನೋಡ್ರಲೇ. ಒಳಗೆ ನೀರ್ಗುಳ್ಳೆ ಕುಂತೈತೆ.”

“ಎಲ್ಲಿ, ನಂಗೂ ತೋರ್ಸು.”

“ಲೇ, ಅಷ್ಟು ಜೋರಾಗಿ ಒತ್ಬ್ಯಾಡ, ಅದಕ್ಕೂ ನೋವಾಗ್ತೈತೆ!”

ಒಬ್ಬೊಬ್ಬರಾಗಿ ಎಲ್ಲರೂ ಒತ್ತಿ ನೋಡಿದರು. ಚಂದ್ರಕ್ಕನೂ ಒತ್ತಿದಳು. ಅಯ್ಯೋ ಪಾಪ ಅಂದರು. ಈ ಕುರಿಯ ತಾಯಿ ಯಾವ ಕಂಡಿಯಿಂದ ಒಳಗೆ ಬಂತು ಎಂದು ಒಬ್ಬರೂ ಕೇಳಲಿಲ್ಲ. ಕೂಸನ್ನು ಹೆಗಲಿಗೆ ಹಾಕಿ, ಮೇಲೆ ಸೆರಗು ಮುಚ್ಚಿ ನಿಂತಿದ್ದ ಮಲ್ಲಕ್ಕ ಅದನ್ನೆಲ್ಲ ನೋಡುತ್ತಿದ್ದಳು.

ಅವತ್ತು ಸಂಜೆ ಮಗನನ್ನು ಎತ್ತಿಕೊಂಡ ಪಾಪಣ್ಣ ಕುಲಾವಿಯ ದಾರ ಬಿಚ್ಚಿದ. ಉಚ್ಚಂಗಮ್ಮ “ಬ್ಯಾಡಪ್ಪ” ಎನ್ನುವಷ್ಟರಲ್ಲಿ ಕುಲಾವಿ ಅವನ ಕೈಲಿತ್ತು. ಅವನ ಹೆಬ್ಬೆರಳು ತಾನಾಗಿಯೇ ನೆತ್ತಿಗೆ ಹೋಯಿತು. ಬೆಳಿಗ್ಗೆ ಕುರಿಯ ತಲೆಯ ಮೇಲೆ ಇಟ್ಟಿದ್ದ ಅದೇ ಬೆರಳು. ಸುಟ್ಟುಕೊಂಡವನಂತೆ ತೆಗೆದ.

“ಇದೇನವ್ವ ಇದು?”

ಮುದುಕಿ ನೆಲ ನೋಡುತ್ತ ಮಳೆಯ ಸಂಜೆಯ ಕತೆಯನ್ನೆಲ್ಲ ಹೇಳಿದಳು. “ನಿನ್ ಅಣ್ಣ, ನನ್ ಮೊದ್ಲ ಮಗ, ಅದೇ ಗುಡ್ಲಾಗೆ ಮಳೇಲಿ ನೆಂದು ನೀಲಿಗಟ್ಟಿ ಹೋತು ಕಣಪ್ಪ. ಹಟ್ಟಿನೆಲ್ಲ ಕೂಗ್ದೆ, ಯಾರೂ ಬರ್ಲಿಲ್ಲ. ಇದೂ ಹಂಗೇ ಹೋಗ್ತೈತೆ ಅನ್ನುಸ್ತು. ಮನಸ್ಸು ತಡೀಲಿಲ್ಲ. ತಪ್ಪು ನಂದೇ.”

ಮಲ್ಲಕ್ಕ ಅಂದಳು: “ಕುರಿಗೆ ಹಟ್ಟಿನೆಲ್ಲ ಕರ್ದು ತೋರ್ಸಿದ್ರಿ. ಮಗನ್ನ ಒಬ್ಬ ಡಾಕ್ಟ್ರಿಗೆ ತೋರ್ಸಾಣ ಬರ್ರಿ. ನಾಳಿಕ್ಕೇ ಹೋಗಾಣ.”

“ಹೋಗಾಣ,” ಎಂದ ಪಾಪಣ್ಣ. ಕುಲಾವಿಯನ್ನು ಮತ್ತೆ ಮಗನ ತಲೆಗೆ ಹಾಕುತ್ತ, “ದೇವ್ರ ಹಬ್ಬ ಒಂದು ಮುಗ್ದೋಗ್ಲಿ. ಮೊದ್ಲ ಹಾಲು ಹೊಯ್ಯೋ ಮನೆ ನಮ್ದು. ಈಗ ಇದು ಗೊತ್ತಾದ್ರೆ ಆ ಹಾಲಿನ ಗಡಿಗೆನ ಬೇರೆಯೋರ ತಲೆ ಮೇಲೆ ಇಡ್ತಾರೆ,” ಎಂದ.

ಕುರಿಗೆ ನಾಚದ ಗಂಡಸು ಮಗನಿಗೆ ನಾಚಿದ. ಮಲ್ಲಕ್ಕನೂ ಹಟ ಹಿಡಿಯಲಿಲ್ಲ. ಹಟ್ಟಿಯಲ್ಲಿ ಯಾರದೋ ಸಾವಾಗಿ ಹಬ್ಬ ಮುಂದಿನ ಅಮಾವಾಸ್ಯೆಗೆ ಹೋಯಿತು. ಕುಲಾವಿಗೆ ಇನ್ನೊಂದು ಪಟ್ಟಿ ಬಂತು. ಹಬ್ಬದ ದಿನ ಪಾಪಣ್ಣ ಗಡಿಗೆ ಹೊತ್ತು ಮೊದಲ ಹಾಲು ಹೊಯ್ದ. ಜನ ಜೈ ಅಂದರು. ಹಬ್ಬ ಮುಗಿದ ಮೇಲೂ ಅವನು ಹೋಗಾಣ ಎನ್ನಲಿಲ್ಲ.

ಒಂದು ಬೆಳಿಗ್ಗೆ ಮಲ್ಲಕ್ಕ ಮಗನ ಮುಂದೆ ಬಳೆ ಆಡಿಸುತ್ತಿದ್ದಳು. ಸದ್ದಿಗೆ ಕೂಸು ಬಾಯಗಲಿಸಿ ನಗುತ್ತಿತ್ತು. ಏನನ್ನಿಸಿತೋ, ಬಳೆಗಳನ್ನು ಮೊಳಕೈಗೆ ಏರಿಸಿ ಸದ್ದಾಗದಂತೆ ಕೈಯನ್ನು ಅವನ ಕಣ್ಣ ಮುಂದೆ ಆಡಿಸಿದಳು. ನಗು ನಿಂತುಹೋಯಿತು. ಬೆರಳನ್ನು ರೆಪ್ಪೆಯ ಹತ್ತಿರಕ್ಕೆ ಒಯ್ದಳು. ರೆಪ್ಪೆ ಅಲುಗಲಿಲ್ಲ. ಮತ್ತೆ ಬಳೆ ಇಳಿಸಿದಳು, ಸದ್ದಾಯಿತು, ಕೂಸು ನಕ್ಕಿತು.

ಅವಳು ಅಳಲಿಲ್ಲ. ಕೂಸನ್ನು ಎತ್ತಿಕೊಂಡು ಹೊರಟಳು.

“ಎಲ್ಲಿಗೇ?” ಎಂದು ಉಚ್ಚಂಗಮ್ಮ ಹಿಂದೆ ಓಡಿಬಂದಳು. ಸೊಸೆಯ ಮುಖ ನೋಡಿ ತಡೆಯುವ ಧೈರ್ಯ ಬರಲಿಲ್ಲ. “ಹೋಗು, ಹೋಗು. ಕುಲಾವಿ ಒಂದು ಹಾಕ್ಕಂಡು ಹೋಗೇ ತಾಯಿ,” ಎಂದು ತಾನೇ ದಾರ ಕಟ್ಟಿದಳು. ಪಾಪಣ್ಣ ಕಂಬಳಿ ಹೆಗಲಿಗೆ ಎಸೆದುಕೊಂಡು ಹಿಂದೆ ಬಂದ.

ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಹೆಂಗಸು ಮಾತಿಗೆಳೆದಳು. “ಗಂಡಾ, ಹೆಣ್ಣಾ? ಮುಖನಾದ್ರೂ ತೋರ್ಸೇ, ನಾನೇನು ತಿನ್ಕಂತೀನಾ?” ಎಂದು ಸೆರಗು ಎತ್ತಿದಳು. ನೋಡಿದಳು. “ಶಿವನೇ!” ಎಂದು ಎದ್ದು ಮುಂದಿನ ಸೀಟಿಗೆ ಹೋಗಿ, ಅಲ್ಲಿ ಇನ್ನೊಬ್ಬಳ ಕಿವಿಗೆ ಬಾಯಿ ಇಟ್ಟಳು. ಒಂದೊಂದೇ ತಲೆ ಹಿಂದಕ್ಕೆ ತಿರುಗಿತು. ಮಲ್ಲಕ್ಕ ಗಂಡನನ್ನು ಹುಡುಕಿದಳು. ಪಾಪಣ್ಣ ಬಸ್ಸಿನ ಹಿಂಬಾಗಿಲ ಹತ್ತಿರ ಕಂಬಿ ಹಿಡಿದು, ದಾರಿಬದಿಯ ತೆಂಗಿನ ತೋಟಗಳನ್ನು ಹಿಂದೆಂದೂ ನೋಡದವನಂತೆ ನೋಡುತ್ತಿದ್ದ. ಅವನು ಈ ಕೂಸಿಗೆ ಸಂಬಂಧಪಟ್ಟವನೆಂದು ಆ ಬಸ್ಸಿನಲ್ಲಿ ಯಾರಿಗೂ ತಿಳಿಯುವಂತಿರಲಿಲ್ಲ.

ಹೊಸದುರ್ಗದ ಆಸ್ಪತ್ರೆಯ ಡಾಕ್ಟರ್ ತಿಮ್ಮರಾಯಪ್ಪ ವಯಸ್ಸಾದವರು, ಮೊದಲೇ ಸಿಡುಕು.

“ಟೋಪಿ ತೆಗಿಯಮ್ಮ.”

ಮಲ್ಲಕ್ಕನ ಕೈ ದಾರಕ್ಕೆ ಹೋಯಿತು, ಬಿಚ್ಚಲಿಲ್ಲ. ಡಾಕ್ಟರೇ ಬಿಚ್ಚಿದರು. ಬೆರಳುಗಳಿಂದ ನೆತ್ತಿ ಸವರಿ, ಟೇಪು ಸುತ್ತಿ ಅಳೆದು, ಬ್ಯಾಟರಿ ಬೆಳಕನ್ನು ಕಣ್ಣಿಗೆ ಹಿಡಿದು ನೋಡಿದರು. ಆಮೇಲೆ ಮೇಜಿನ ಮೇಲಿದ್ದ ಕುಲಾವಿಯನ್ನು ಎತ್ತಿ ತಿರುವಿದರು. ಒಳಗಡೆ ಸೀರೆಯ ಪಟ್ಟಿ, ಹಿಟ್ಟಿನ ಚೀಲದ ಪಟ್ಟಿ, ರವಿಕೆಯ ಕೈಯಿಂದ ಹರಿದ ಪಟ್ಟಿ, ಒಂದರ ಬೆನ್ನಿಗೆ ಒಂದು.

“ಯಾರು ಹೊಲ್ದಿದ್ದು ಇದನ್ನ?”

“ನಾನೇ ಸ್ವಾಮಿ.”

“ಒಂದೊಂದು ಪಟ್ಟಿ ಹಾಕೋ ಬದ್ಲು ಒಂದೇ ಒಂದು ಸಲ ಇಲ್ಲಿಗೆ...” ಅವರು ಮಾತು ಅಲ್ಲಿಗೇ ನಿಲ್ಲಿಸಿದರು. ನಿಲ್ಲಿಸದೆ ಬೈದಿದ್ದರೆ ಮಲ್ಲಕ್ಕನಿಗೆ ಹಗುರವಾಗುತ್ತಿತ್ತೇನೋ. ಬಾಗಿಲಲ್ಲಿ ಕಂಬಳಿ ಹಿಚುಕುತ್ತ ನಿಂತವನ ಕಡೆ ತಿರುಗಿ, “ನೀನ್ಯಾರಪ್ಪ?” ಎಂದರು.

ಪಾಪಣ್ಣ ಕಂಬಳಿಯನ್ನು ಹೆಗಲಿಗೆ ಎಸೆದುಕೊಂಡ. “ಈ ಮಗೀನ ಅಪ್ಪ,” ಎಂದ. ಹೇಳಿದ ಮೇಲೆಯೇ ಒಳಗೆ ಹೆಜ್ಜೆ ಇಟ್ಟ.

“ತಲೆ ಒಳಗೆ ನೀರು ಕಟ್ಟಿದೆ. ಯಾಕೆ ಕಟ್ಟಿದೆ ಅನ್ನೋದನ್ನ ಬೆಂಗಳೂರಲ್ಲಿ ನೋಡ್ಬೇಕು. ಇವತ್ತೇ ಹೊರಡಿ. ಆಪರೇಷನ್ ಆಗ್ಬೇಕಾಗುತ್ತೆ.”

ಪಾಪಣ್ಣ ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದ. “ನಂಗಾ ಸ್ವಾಮಿ?”

ಕಾಂಪೌಂಡರು ಕಿಸಕ್ಕನೆ ನಕ್ಕ. ಡಾಕ್ಟರು ನಗಲಿಲ್ಲ. “ಮಗೂಗೆ,” ಎಂದರು. ಪಾಪಣ್ಣ ಕಿವಿಯವರೆಗೆ ಕೆಂಪಾದ.

ಹೊಳಲ್ಕೆರೆಯ ಮೇಲೆ ಚಿಕ್ಕಜಾಜೂರಿಗೆ ಬಂದು ಬೆಂಗಳೂರಿನ ರೈಲು ಹತ್ತಿದರು. ರೈಲಿನಲ್ಲಿ ಪಾಪಣ್ಣ ಹೆಂಡತಿಯ ಪಕ್ಕದಲ್ಲೇ ಕುಳಿತ. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಭಾರದ ತಲೆಯನ್ನು ಎರಡೂ ಅಂಗೈಯಲ್ಲಿ ಹಿಡಿದು, ದಾರಿಯುದ್ದಕ್ಕೂ ಅಲುಗಾಡದಂತೆ ನೋಡಿಕೊಂಡ. ನೋಡಿದವರು ನೋಡಿದರು.

ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಅವರಿಗೆ ಸಿಕ್ಕಿದ ಒಂದೇ ಪರಿಚಯದ ದನಿ ನರ್ಸ್ ಏಕನಾಥಮ್ಮನದು. “ಯಾವೂರೇ? ಶ್ರೀರಾಂಪುರದ ಕಡೆಯೋರಾ? ನಾನು ದುರ್ಗದೋಳು ಕಣೆ! ಏನ್ ಗೊತ್ತಾಗ್ಲಿಲ್ವೋ ನನ್ನ ಕೇಳು. ಈ ಡಾಕ್ಟ್ರಮ್ಮ ಮಾತಾಡೋದು ಒಂದೊಂದ್ಸಲ ನಂಗೇ ತಿಳಿಯಲ್ಲ,” ಎಂದಳು. ಡಾಕ್ಟರಮ್ಮ ತಲೆಯ ಎಕ್ಸ್‌ರೇ ಚಿತ್ರಗಳನ್ನು ತೆಗೆಸಿ ಬೆಳಕಿಗೆ ಹಿಡಿದು ವಿವರಿಸಿದಾಗ ಅದನ್ನು ಹಟ್ಟಿಯ ಮಾತಿಗೆ ತಂದವಳೂ ಅವಳೇ.

“ಮೆದುಳಿಗೂ ಕಂಬಳಿ ಹೊದ್ಸಿದಂಗೆ ಒಂದು ಹೊದಿಕೆ ಐತಂತೆ. ಆ ಹೊದಿಕೇಲಿ ಒಂದು ಗಂಟು ಬೆಳ್ದೈತೆ. ಒಳಗಿನ ನೀರು ಹರ್ಯೋ ದಾರಿಗೆ ಅದು ಅಡ್ಡ ಕುಂತೈತೆ. ಕೂಸಿನ ಬುರುಡೆ ಇನ್ನೂ ಕೂಡಿರಲ್ವಲ್ಲ, ಅದಕ್ಕೇ ಒಳಗೆ ಒತ್ತಿದಂಗೆ ತಲೆ ಅಗ್ಲ ಆಗೈತೆ. ಇಷ್ಟು ಎಳೇ ಕೂಸಿಗೆ ಇದು ಬರೋದೇ ಅಪರೂಪವಂತೆ.”

ಗಂಟನ್ನು ತೆಗೆದರು. ಬೆಳಿಗ್ಗೆ ಒಳಗೆ ಒಯ್ದ ಕೂಸು ಹೊತ್ತು ಇಳಿಯುವಾಗ ಹೊರಗೆ ಬಂತು, ತಲೆಯ ತುಂಬ ಬಿಳಿ ಬಟ್ಟೆ ಸುತ್ತಿಕೊಂಡು. ಹಲವು ದಿನ ಹೋಗುತ್ತದೆ, ಉಳಿಯುತ್ತದೆ ಎಂಬಂತಿದ್ದು, ಕಡೆಗೆ ಉಳಿಯಿತು. ವಾಂತಿ ನಿಂತಿತು. ಹಾಲು ಒಳಗೆ ನಿಂತಿತು. ಕಣ್ಣು ಬರಲಿಲ್ಲ.

“ಜೀವಕ್ಕೆ ಭಯ ಇಲ್ಲ,” ಎಂದರು ಡಾಕ್ಟರಮ್ಮ. “ಒತ್ತಡಕ್ಕೆ ಕಣ್ಣಿನ ನರ ಒಣಗಿಹೋಗಿದೆ. ಸ್ವಲ್ಪ ಮುಂಚೆ ಬಂದಿದ್ರೆ ಉಳೀತಿತ್ತು.”

ಪಾಪಣ್ಣ ಎದ್ದು ಹೊರಗೆ ಹೋದ. ಮಲ್ಲಕ್ಕ ಹೋಗಲಿಲ್ಲ. ಅವಳಿಗೆ ಒಂದು ಮಾತು ಕೇಳಬೇಕಿತ್ತು. ಬಾಯಿಗೆ ಸೆರಗು ಹಿಡಿದು, ಏಕನಾಥಮ್ಮನ ಕಿವಿಯಲ್ಲಿ ಮಳೆಯ ಸಂಜೆಯದನ್ನೆಲ್ಲ ಹೇಳಿ, “ಅದಕ್ಕೇ ಬಂತೇನಕ್ಕ ಈ ಗಂಟು? ಡಾಕ್ಟ್ರಮ್ಮನ್ನ ಕೇಳು,” ಎಂದಳು.

ಏಕನಾಥಮ್ಮ ಬೈಯಲು ಬಾಯಿ ತೆರೆದವಳು ಅವಳ ಮುಖ ನೋಡಿ ಎದ್ದಳು. ಹೋಗಿ ಕೇಳಿದಳು. ಬಂದು ಹೇಳಿದಳು: “ಅದು ನಿನ್ ಹೊಟ್ಟೇಲಿದ್ದಾಗ್ಲೇ ಇತ್ತಂತೆ ಕಣೆ. ಬಸುರಿನಾಗೇ ಸಣ್ಣಕೆ ಹುಟ್ಕಂಡಿತ್ತು. ಮಳೆಗೂ ಅದಕ್ಕೂ ಏನೂ ಇಲ್ಲ. ನಿಮ್ಮತ್ತೆ ಒಳಗೆ ಕರ್ಕಂಡು ಬಂದಿದ್ಕೇ ಅದು ಚಳಿಗೆ ಸಾಯ್ದೆ ಉಳ್ದಿದ್ದು.”

ಆಗ ಮಲ್ಲಕ್ಕ ಅತ್ತಳು. ಇಷ್ಟು ತಿಂಗಳು ಅವಳೂ ಅತ್ತೆಯೂ ಬಚ್ಚಿಟ್ಟದ್ದು ಪಾಪವನ್ನಲ್ಲ. ಬಚ್ಚಿಡುವುದಕ್ಕೆ ಏನೂ ಇರಲಿಲ್ಲ. ಬಚ್ಚಿಟ್ಟದ್ದೇ ಕಣ್ಣು ತಿಂದಿತು. ನಾಚಬೇಕಾದದ್ದು ಎಲ್ಲಿತ್ತೆಂದು ಗೊತ್ತಾದಾಗ ಅದು ಅವಳ ಕೈಯಲ್ಲೇ ಇತ್ತು, ಸೂಜಿಯ ರೂಪದಲ್ಲಿ.

ಅವರು ಊರಿಗೆ ಮರಳಿದ್ದು ಮಧ್ಯಾಹ್ನ. ಹಟ್ಟಿಯ ಹೊರಗೆ, ಬೇಲಿಯಾಚೆಯ ಸೋಗೆ ಗುಡ್ಲಿನಲ್ಲಿ ಯಾರೋ ಕುಳಿತಿದ್ದರು. ಯಾರು ಹೆತ್ತರಪ್ಪ ಎಂದುಕೊಂಡು ಮಲ್ಲಕ್ಕ ಹತ್ತಿರ ಹೋದಳು. ಉಚ್ಚಂಗಮ್ಮ. ಕೆದರಿದ ಬಿಳಿ ಕೂದಲು, ಮುಂದೆ ಯಾರೋ ದೂರದಿಂದ ಎತ್ತಿ ಹಾಕಿದ ಮುದ್ದೆ.

“ಅತ್ತೆ! ಇಲ್ಲ್ಯಾಕೆ ಕುಂತಿದ್ದೀಯ?”

ಹುಣಸೆಮರದಡಿಯಿಂದ ಗುಡ್ಡಪ್ಪನೇ ಉತ್ತರ ಕೊಟ್ಟ. “ನೀವು ಹೋದ ಮ್ಯಾಲೆ ಮುದುಕಿ ತಾನೇ ಬಂದು ಎಲ್ಲ ಒಪ್ಕಂಡೈತೆ. ಹೆತ್ತೋಳನ್ನ ಕಂಡಿಯಿಂದ ಒಳಗೆ ತಂದಿದ್ದು, ದೇವ್ರು ಮಗಿನ ತಲೆ ಕೆಡಿಸಿದ್ದು, ಎಲ್ಲ. ನಾವ್ಯಾರೂ ಹೋಗು ಅನ್ಲಿಲ್ಲ, ತಾನೇ ಹೋಗಿ ಕುಂತ್ಕಂತು. ನೀವೂ ಅಲ್ಲೇ ಕುಂತ್ಕಳ್ರಿ. ಗಂಜಳ, ನೀರು ಆಗ್ಲಿ, ಆಮ್ಯಾಲೆ ಒಳಗೆ ಬರೀರಂತೆ.”

ತಾನೇ ಹೋಗಿ ಕುಳಿತಳಂತೆ. ಒಬ್ಬರೂ ಏಳು ಎನ್ನಲಿಲ್ಲ, ಅದನ್ನು ಗುಡ್ಡಪ್ಪ ಹೇಳಲಿಲ್ಲ. ಹಟ್ಟಿಯ ಹೆಂಗಸರು ಬಾಗಿಲುಗಳಿಗೆ ಬಂದರು. ಮಲ್ಲಕ್ಕ ಮಗನನ್ನು ಸೊಂಟಕ್ಕೆ ಏರಿಸಿದಳು. ಕುಲಾವಿ ಇರಲಿಲ್ಲ. ಬೋಳಿಸಿದ ತಲೆ, ಕಿವಿಯಿಂದ ಕಿವಿಗೆ ಹೊಲಿಗೆಯ ಗುರುತು, ಯಾವುದನ್ನೂ ನೋಡದ ಎರಡು ಕಣ್ಣು. ಚಂದ್ರಕ್ಕ ಕೈಯನ್ನು ಬಾಯಿಗೆ ಒತ್ತಿಕೊಂಡಳು.

“ಗುಡ್ಡಪ್ಪಜ್ಜ, ಈ ಗಂಟು ಇವ್ನು ನನ್ ಹೊಟ್ಟೇಲಿದ್ದಾಗ್ಲೇ ಬಂದಿದ್ದಂತೆ. ಡಾಕ್ಟ್ರಮ್ಮ ಹೇಳವ್ರೆ.”

“ಅದಕ್ಕೇನೀಗ?”

“ಹೊಟ್ಟೇಲಿದ್ದಾಗ ನಾನು ಎಲ್ಲಿದ್ದೆ? ಈ ಹಟ್ಟಿ ಒಳಗೇ ಇದ್ದೆ. ಶುದ್ಧವಾಗಿದ್ದೆ. ದಿನಾ ದೇವ್ರ ಬಾಗ್ಲು ಸಾರಿಸ್ತಿದ್ದೆ. ಆಗ ಗಂಟು ಇಟ್ಟೋರು ಯಾರಜ್ಜ?”

ಗುಡ್ಡಪ್ಪ ಹುಣಸೆಮರದಡಿಯಿಂದ ಎದ್ದು ನಿಂತ. “ಹೆಣ್ಮಗಳು, ಮಾತು ಬೆಳುಸ್ಬ್ಯಾಡ,” ಎಂದ.

“ಮಾತಲ್ಲ, ತಲೆ ಬೆಳೀತು. ನಿಮ್ಗೆ ಹೆದ್ರಿ ನಾನು ಕುಲಾವಿ ಬೆಳುಸ್ದೆ. ಇವ್ನ ಕಣ್ಣು ತಿಂದಿದ್ದು ದೇವ್ರಲ್ಲ. ನಾನು ತಿಂದೆ. ಇಲ್ಲಿ ನಿಂತವ್ನಲ್ಲ ಇವ್ನಪ್ಪ, ಇವ್ನ ಹಾಲಿನ ಗಡಿಗೆ ತಿಂತು. ನೀವು ಎಲ್ರೂ ಒಂದೊಂದು ತುತ್ತು ತಿಂದ್ರಿ. ಮಳೇಲಿ ಕೈ ಹಿಡ್ದ ಮುದುಕಿ ಒಬ್ಳೇ ತಿಂದಿಲ್ಲ. ಅವಳ್ನ ಹೊರಗೆ ಕೂರ್ಸಿದ್ದೀರಿ.”

ಪಾಪಣ್ಣ ಹೆಂಡತಿಯ ಪಕ್ಕದಲ್ಲೇ ನಿಂತಿದ್ದ, ಆದರೆ ತಲೆ ಎತ್ತಲಿಲ್ಲ.

ಮಲ್ಲಕ್ಕ ಗುಡ್ಲಿನೊಳಗೆ ಬಗ್ಗಿದಳು. ಮುದುಕಿ ಮೊಮ್ಮಗನ ಬರಿತಲೆ ಕಂಡೊಡನೆ ಅಭ್ಯಾಸದಂತೆ ತನ್ನ ಸೆರಗಿನ ತುದಿ ಎತ್ತಿ ಅದನ್ನು ಮುಚ್ಚಲು ಬಂದಳು. ಮಲ್ಲಕ್ಕ ಆ ಕೈ ಹಿಡಿದು, ಅಂಗೈಯನ್ನು ಹೊಲಿಗೆಯ ಗುರುತಿನ ಮೇಲೆ ಇಟ್ಟಳು.

“ಮುಚ್ಬ್ಯಾಡ ಅತ್ತೆ. ನಿಂದೇನೂ ತಪ್ಪಿಲ್ಲ.”

“ಇಲ್ವಾ?” ಎಂದಳು ಮುದುಕಿ. ನಂಬಲಿಲ್ಲ. ಅವಳ ಬೆರಳು ಹೊಲಿಗೆಯ ಮೇಲೆ ಹೋಗಿ ಬಂತು. ದನಿ ಗುರುತು ಹತ್ತಿದ ಕೂಸು ಗಾಳಿಯಲ್ಲಿ ಕೈ ಚಾಚಿ ಹುಡುಕಿ ಅವಳ ಮೂಗನ್ನು ಹಿಡಿಯಿತು.

“ಏಳು. ಮನಿಗೆ ಹೋಗಾಣ.”

ಮುದುಕಿ ಸೊಸೆಯ ಕೈ ಹಿಡಿದು ಎದ್ದಳು. ಹುಣಸೆಮರದ ಕಡೆ ನೋಡಿದಳು, ಬಾಗಿಲುಗಳ ಕಡೆ ನೋಡಿದಳು, ಸೆರಗನ್ನು ತನ್ನ ಮುಖದ ಮೇಲೆ ಎಳೆದುಕೊಂಡಳು. ಅವಳ ಕಾಲು ತಾನಾಗಿಯೇ ಬೇಲಿಯ ಹಿಂಬದಿಗೆ ತಿರುಗಿತು.

“ಕಂಡಿ ಕಡೆಯಿಂದ ಹೋಗಾಣ್ವೇನೆ? ಈಗ ಎಲ್ರೂ ನೋಡ್ತಾ ಅವ್ರೆ.”

“ಅದಕ್ಕೇ, ಬಾ,” ಎಂದು ಮಲ್ಲಕ್ಕ ಅವಳನ್ನು ಹಟ್ಟಿಯ ಮುಂಬಾಗಿಲಿನ ಕಡೆಗೆ ನಡೆಸಿಕೊಂಡು ಹೊರಟಳು.